ಲಿಸ್ಟರ್ ಮಹಾಶಯನ ಚರಿತ್ರೆ

ನಮ್ಮ ಶಾಲೆಯಲ್ಲಿ ಓದಿದ ಬಾಲಿಕೆಯರಲ್ಲಿ ಅನೇಕರು ಆಸ್ಪತ್ರೆಗಳಲ್ಲಿ ದಾದಿಯರಾಗಿರುವುದರಿಂದ, ಶಸ್ತ್ರವೈದ್ಯನಾದ ಜೋಸೆಫ್ ಲಿಸ್ಟರನ ಜೀವಿತವನ್ನು ಇಲ್ಲಿ ಬರೆಯಲು ಮನಸ್ಸು ಮಾಡಿದೆವು.

ಈತನು 1827ರಲ್ಲಿ ಇಂಗ್ಲೆಂಡಿನ ಅಪ್ಟನ್ ಎಂಬಲ್ಲಿ ಕ್ವೇಕರ್ ಪಂಗಡದ ಮನೆಯೊಂದರಲ್ಲಿ ಜನಿಸಿದನು. ದ್ರಾಕ್ಷಾರಸದ ವ್ಯಾಪಾರಿಯಾದ ತಂದೆಯು ಸೂಕ್ಷ್ಮದರ್ಶಕ ಯಂತ್ರವನ್ನು ಉತ್ತಮಪಡಿಸಿ ಕೀರ್ತಿವಂತನಾಗಿದ್ದನು. ಲಿಸ್ಟರನು ಎಡಿನ್‌ಬರೋದಲ್ಲಿ ಸೈಮ್ ಎಂಬ ಶಸ್ತ್ರವೈದ್ಯನ ಬಳಿ ಪಳಗಿ, 1856ರಲ್ಲಿ ಆತನ ಮಗಳು ಆಗ್ನೆಸಳನ್ನು ವಿವಾಹವಾಗಿ, 1860ರಲ್ಲಿ ಗ್ಲಾಸ್ಗೋ ನಗರದಲ್ಲಿ ಪ್ರಾಧ್ಯಾಪಕನಾದನು.

ಕ್ಲೋರೋಫಾರಮಿನಿಂದ ಆಗ ರೋಗಿಗೆ ನೋವು ತಪ್ಪಿತ್ತು, ಮರಣವು ತಪ್ಪಿರಲಿಲ್ಲ. ಎಷ್ಟು ಚೆನ್ನಾಗಿ ಶಸ್ತ್ರಕ್ರಿಯೆ ಮಾಡಿದರೂ ಗಾಯವು ಕೆಲವು ದಿನಗಳಲ್ಲಿ ಕೀವಾಗಿ, ನಂಜೇರಿ ಪ್ರಾಣ ಹೋಗುತ್ತಿತ್ತು. ವೈದ್ಯರು ರಕ್ತದ ಕಲೆ ಹತ್ತಿದ ಹಳೆಯ ಅಂಗಿಯನ್ನೇ ತೊಟ್ಟು, ಕೈ ತೊಳೆಯದೆ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದರು. ತಪ್ಪನ್ನೆಲ್ಲ ಕೆಟ್ಟ ಗಾಳಿಯ ಮೇಲೆ ಹೊರಿಸುತ್ತಿದ್ದರು. ಆದರೆ ಚರ್ಮ ಹರಿಯದೆ ಎಲುಬು ಮುರಿದಲ್ಲಿ ಒಳಗೆ ನಿಂತ ರಕ್ತವು ಕೊಳೆಯುವುದಿಲ್ಲ, ಹರಿದರೆ ಕೊಳೆಯುವುದು. ಇದೇಕೆಂದು ಲಿಸ್ಟರನು ಯೋಚಿಸಿದನು. ಫ್ರಾನ್ಸಿನ ಪಾಸ್ಚರನ ಲೇಖನಗಳನ್ನು ಓದಿದ ಮೇಲೆ, ಹೊರಗಿನಿಂದ ಸೇರುವ ಸೂಕ್ಷ್ಮಜೀವಿಗಳೇ ಕಾರಣವೆಂದು ಹೊಳೆಯಿತು. ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ದುರ್ಗಂಧ ಕಳೆಯಲು ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ತರಿಸಿಕೊಂಡನು. 1865ರ ಆಗಸ್ಟ್ 12ರಂದು, ಬಂಡಿಯ ಗಾಲಿ ಹರಿದು ಕಾಲು ಮುರಿದಿದ್ದ 11 ವರ್ಷದ ಬಾಲಕನ ಗಾಯಕ್ಕೆ ಅದರಲ್ಲಿ ನೆನೆಸಿದ ಬಟ್ಟೆಯನ್ನು ಕಟ್ಟಿದನು. ನಾಲ್ಕು ದಿನಗಳ ಮೇಲೆ ಬಿಚ್ಚಿ ನೋಡಲು ಕೀವಿನ ಸುಳಿವೇ ಇರಲಿಲ್ಲ. ಆರು ವಾರಗಳಲ್ಲಿ ಎಲುಬು ಕೂಡಿತು.

1867ರಲ್ಲಿ ಆತನ ಒಡಹುಟ್ಟಿದ ಇಸಬೆಲ್ಲಳಿಗೆ ಸ್ತನದ ಅರ್ಬುದವಾಯಿತು. ಬೇರೆ ವೈದ್ಯರು ಕೈ ಹಾಕಲು ಹಿಂಜರಿದರು. ಲಿಸ್ಟರನು ಮಾವನ ಆಲೋಚನೆ ಕೇಳಿಬಂದು, ತನ್ನ ಮನೆಯ ಊಟದ ಮೇಜಿನ ಮೇಲೆಯೇ ತಾನೇ ಶಸ್ತ್ರಕ್ರಿಯೆ ನಡಿಸಿದನು. ತಂಗಿಯೋ ಅಕ್ಕನೋ ತನ್ನ ಕತ್ತಿಯ ಕೆಳಗಿರುವಾಗ ಕೈ ನಡುಗದಿರುವುದು ಸಾಮಾನ್ಯವೇ? ಗಾಯವು ಕೀವಾಗದೆ ಮಾಯಿತು. ಆಕೆಯು ಸುಮಾರು ಮೂರು ವರ್ಷ ಬದುಕಿದಳು. ಕೈಕಾಲು ಕತ್ತರಿಸಿದ ಆತನ ರೋಗಿಗಳಲ್ಲಿ ಮೊದಲು 35 ಮಂದಿಗೆ 16 ಮಂದಿ ಸತ್ತಿದ್ದರು. ಹೊಸ ಪದ್ಧತಿಯಲ್ಲಿ 40 ಮಂದಿಗೆ ಆರೇ ಮಂದಿ.

ಆಗ್ನೆಸಳ ಹೆಸರನ್ನು ಒಂದೇ ಸಾಲಿನಲ್ಲಿ ಮುಗಿಸುವುದು ನಮಗೆ ಸರಿದೋರದು. ಮಕ್ಕಳಿಲ್ಲದ ಆ ಮನೆಯಲ್ಲಿ ಆಕೆಯು ಪತಿಯ ಪ್ರಯೋಗಗಳಿಗೆ ನೆರವಾಗಿ, ಆತನು ಹೇಳಿದಂತೆ ಗಂಟೆಗಟ್ಟಲೆ ಬರೆಯುತ್ತಿದ್ದಳು. ಆ ಪುಸ್ತಕಗಳಲ್ಲಿ ಬಹುಪಾಲು ಆಕೆಯ ಕೈಬರಹವೇ. 1893ರಲ್ಲಿ ಇಟಲಿಯ ಪ್ರವಾಸದಲ್ಲಿ ಆಕೆಯು ತೀರಿಕೊಂಡಳು.

ಲಂಡನ್ನಿನ ವೈದ್ಯರು ಬಹುಕಾಲ ಒಪ್ಪಲಿಲ್ಲ, ಕಡೆಗೆ ಒಪ್ಪಿದರು. 1897ರಲ್ಲಿ ಆತನಿಗೆ ಲಾರ್ಡ್ ಪದವಿಯು ದೊರೆಯಿತು. 1912ರ ಫೆಬ್ರವರಿ 10ರಂದು ದಿವಂಗತನಾದಾಗ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಪ್ರಾರ್ಥನೆ ನಡೆಯಿತು. ಆದರೆ ಆತನ ಇಚ್ಛೆಯಂತೆ ದೇಹವನ್ನು ಅಲ್ಲಿ ಇಡದೆ, ಹ್ಯಾಂಪ್‌ಸ್ಟೆಡ್ ಸ್ಮಶಾನದಲ್ಲಿ ಆಗ್ನೆಸಳ ಪಕ್ಕದಲ್ಲಿ ಹೂಳಿದರು.