ಪಶುವೈದ್ಯ ಡೇನಿಯಲ್ ಸಾಲ್ಮನ್

ಅರೆಬೆಂದ ತತ್ತಿಯನ್ನೋ ಮಾಂಸವನ್ನೋ ತಿಂದ ಮನೆಮಂದಿಗೆಲ್ಲ ವಾಂತಿಭೇದಿಯಾದಾಗ ವೈದ್ಯರು ಶಂಕಿಸುವ ರೋಗಾಣುಗಳಲ್ಲಿ ಸಾಲ್ಮೊನೆಲ್ಲಾ ಒಂದು. ವಿಷಮಶೀತ ಜ್ವರದ ರೋಗಾಣುವೂ ಇದೇ ಕುಲದ್ದು. ಸಾಲ್ಮನ್ ಮೀನಿಗೂ ಈ ಹೆಸರಿಗೂ ಸಂಬಂಧವಿಲ್ಲ. ಇದು ಒಬ್ಬ ಪಶುವೈದ್ಯನ ಹೆಸರು. ಹಡಪಸರದ ಕನ್ನಡ ಮಕ್ಕಳಾದ ನಮಗೆ ಆತನ ಚರಿತ್ರೆ ದೂರದ್ದೇನೂ ಅಲ್ಲ.

ಡೇನಿಯಲ್ ಎಲ್ಮರ್ ಸಾಲ್ಮನ್ನನು 1850ನೆಯ ಜುಲೈ 23ರಂದು ಅಮೆರಿಕದ ನ್ಯೂಜೆರ್ಸಿ ಪ್ರಾಂತದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಬಂಧುವೊಬ್ಬನ ಆಶ್ರಯದಲ್ಲಿ ಬೆಳೆದನು. ಹೊಲದಲ್ಲಿ ದುಡಿದನು, ಹಳ್ಳಿಯ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿದನು. 1876ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಶುವೈದ್ಯ ಡಾಕ್ಟರ್ ಪದವಿ ಪಡೆದನು. ಆ ದೇಶದಲ್ಲಿ ಈ ಪದವಿ ಪಡೆದ ಮೊದಲಿಗನು ಆತನೇ.

1884ರಲ್ಲಿ ಸರಕಾರದ ಪಶು ಇಲಾಖೆಗೆ ಮುಖ್ಯಸ್ಥನಾದನು. ಮರುವರ್ಷ ಆತನ ಕೈಕೆಳಗಿನ ತರುಣ ಥಿಯೊಬಾಲ್ಡ್ ಸ್ಮಿತ್, ಸತ್ತ ಹಂದಿಗಳ ದೇಹದಲ್ಲಿ ಹೊಸ ರೋಗಾಣುವೊಂದನ್ನು ಕಂಡನು. ಸೂಕ್ಷ್ಮದರ್ಶಕದ ಮುಂದೆ ಕುಳಿತವನು ಸ್ಮಿತ್. 1900ರಲ್ಲಿ ಆ ಕುಲಕ್ಕೆ ಅಂಟಿಕೊಂಡದ್ದು ಮೇಲಧಿಕಾರಿಯ ಹೆಸರು! ಇದು ನ್ಯಾಯವೆಂದು ನಮಗೆ ತೋರದು. ಸ್ಮಿತ್ತನು ಮುಂದೆ ದನಗಳ ಉಣ್ಣೆ ಜ್ವರದ ಗುಟ್ಟನ್ನು ಭೇದಿಸಿ ಸ್ವಂತ ಕೀರ್ತಿ ಗಳಿಸಿದನೆಂಬುದೇ ಸಮಾಧಾನ.

ಇನ್ನೊಂದು ವಿಚಿತ್ರವಿದೆ. ಹಂದಿಗಳ ಆ ಪಿಡುಗಿಗೆ ಈ ರೋಗಾಣುವೇ ಕಾರಣವೆಂದು ಇಬ್ಬರೂ ನಂಬಿದ್ದರು. ನಿಜವಾದ ಕಾರಣ ವೈರಸ್ ಎಂದು 1903ರಲ್ಲಿ ತಿಳಿದುಬಂದಿತು. ಆದರೆ ಈ ಕುಲದ ರೋಗಾಣು ನಿರಪರಾಧಿಯಲ್ಲ. 1888ರಲ್ಲಿ ಜರ್ಮನಿಯ ಫ್ರಾಂಕೆನ್‌ಹೌಸೆನ್ ಊರಿನಲ್ಲಿ ರೋಗಪೀಡಿತ ಹಸುವಿನ ಮಾಂಸ ತಿಂದು ಐವತ್ತಕ್ಕೂ ಮಿಕ್ಕಿ ಜನ ಹಾಸಿಗೆ ಹಿಡಿದರು. ಅದನ್ನು ಹಸಿಯಾಗಿಯೇ ತಿಂದವನೊಬ್ಬನು ಸತ್ತನು. ಮಾಂಸದಲ್ಲಿಯೂ ಆ ಶವದಲ್ಲಿಯೂ ಗಾರ್ಟ್‌ನರ್ ಎಂಬ ವಿಜ್ಞಾನಿ ಕಂಡದ್ದು ಇದೇ ಕುಲದ ರೋಗಾಣುವನ್ನು. ಕೋಳಿ, ಹಂದಿ, ದನಗಳ ಕರುಳಿನಲ್ಲಿ ಇದು ಸದ್ದಿಲ್ಲದೆ ವಾಸಿಸಬಲ್ಲದು. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ಬಿಸಿ ತಾಗಿದರೆ ಸಾಯುವ ಈ ಗುಣವೇ 1886ರಲ್ಲಿ ಫಲಕೊಟ್ಟಿತು. ಸಾಲ್ಮನ್ ಮತ್ತು ಸ್ಮಿತ್ ಕಾಯಿಸಿ ಕೊಂದ ರೋಗಾಣುಗಳನ್ನು ಪಾರಿವಾಳಗಳಿಗೆ ಚುಚ್ಚಿದರು. ಬಳಿಕ ಜೀವಂತ ರೋಗಾಣು ಹೊಕ್ಕರೂ ಅವು ಸಾಯಲಿಲ್ಲ. ಸತ್ತ ರೋಗಾಣುವೂ ರಕ್ಷಣೆ ನೀಡಬಲ್ಲದೆಂದು ಇದರಿಂದ ತಿಳಿಯಿತು. ನಮ್ಮ ಹಡಪಸರದಲ್ಲಿ 1966ರಲ್ಲಿ ಸ್ಥಾಪಿತವಾದ ಸೀರಂ ಸಂಸ್ಥೆ ತಯಾರಿಸುವ ಡಿ.ಪಿ.ಟಿ. ಲಸಿಕೆಯಲ್ಲಿ ನಾಯಿಕೆಮ್ಮಿನ ಭಾಗವು ಇದೇ ತತ್ತ್ವದ್ದು. ನಮ್ಮಲ್ಲಿ ಅನೇಕರು ಶೈಶವದಲ್ಲಿ ಅತ್ತುಕೊಂಡೇ ಆ ಚುಚ್ಚುಮದ್ದನ್ನು ಸ್ವೀಕರಿಸಿದವರು.

1905ರಲ್ಲಿ ಸಾಲ್ಮನ್ನನು ಹುದ್ದೆಯನ್ನು ಬಿಟ್ಟು, ಉರುಗ್ವೆ ದೇಶಕ್ಕೆ ತೆರಳಿ ಅಲ್ಲಿಯ ಪಶುವೈದ್ಯ ಶಾಲೆಯನ್ನು ಕಟ್ಟಿದನು. ಕಡೆಗೆ ಸ್ವದೇಶಕ್ಕೆ ಮರಳಿ, ಮೊಂಟಾನಾದ ಬ್ಯೂಟ್ ನಗರದಲ್ಲಿ, ತಾನು ಹಿಂದೆ ಕಾರಣ ತಪ್ಪಿ ತಿಳಿದಿದ್ದ ಅದೇ ಹಂದಿರೋಗಕ್ಕೆ ಸೀರಂ ತಯಾರಿಸುವ ಕೆಲಸದಲ್ಲಿ ತೊಡಗಿದ್ದಾಗ, 1914ನೆಯ ಆಗಸ್ಟ್ 30ರಂದು ನ್ಯುಮೋನಿಯಾದಿಂದ ತೀರಿಕೊಂಡನು.