ಬಡಗಿಯ ಮಗನ ಗಡಿಯಾರ

ನಾವು ಹೋಟೆಲಿನ ಗಲ್ಲೆಯ ಮೇಲೆ ಕುಳಿತಿದ್ದ ದಿನಗಳಲ್ಲಿ ಅಲ್ಲಿನ ಗೋಡೆ ಗಡಿಯಾರವು ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತಿದ್ದಿತು. ಅದರಿಂದಾದ ನಷ್ಟವೆಂದರೆ ಇಡ್ಲಿ ತುಸು ತಡವಾಗಿ ಒಲೆಯೇರುತ್ತಿದ್ದುದು, ಅಷ್ಟೆ. ಅದೇ ಐದು ನಿಮಿಷದ ತಪ್ಪು ನಡುಗಡಲಿನ ಹಡಗಿನಲ್ಲಾದರೆ, ಭೂಮಧ್ಯರೇಖೆಯ ಬಳಿ ನಾವಿಕನು ತಾನಿರುವ ಸ್ಥಳವನ್ನು ಸುಮಾರು 140 ಕಿಲೋಮೀಟರು ತಪ್ಪಾಗಿ ತಿಳಿಯುವನು. ಈ ಕಂಟಕವನ್ನು ನಿವಾರಿಸಿದವನು ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ.

ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದು. ಹೊರಟ ಬಂದರಿನ ಕಾಲವನ್ನು ತಪ್ಪದೆ ತೋರುವ ಗಡಿಯಾರವೊಂದು ಹಡಗಿನಲ್ಲಿದ್ದರೆ, ಅಲ್ಲಿಯ ನಡುಹಗಲಿನೊಡನೆ ಅದನ್ನು ಹೋಲಿಸಿ, ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಬಂದೆವೆಂದು ಲೆಕ್ಕ ಹಾಕಬಹುದು. ಆದರೆ ಅಂದಿನ ಗಡಿಯಾರಗಳು ಅಲೆಗಳ ಹೊಯ್ದಾಟಕ್ಕೂ ಚಳಿ ಸೆಕೆಗಳಿಗೂ ತಾಳುತ್ತಿರಲಿಲ್ಲ. 1707ರಲ್ಲಿ ಸಿಲಿ ದ್ವೀಪಗಳ ಬಂಡೆಗಳ ಬಳಿ ಇಂಗ್ಲೆಂಡಿನ ನೌಕಾಪಡೆಯ ನಾಲ್ಕು ಹಡಗುಗಳು ಮುಳುಗಿ ಸಾವಿರಕ್ಕೂ ಮಿಕ್ಕ ಜನ ಮಡಿದರು. ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ಕಂಡುಕೊಳ್ಳುವ ಉಪಾಯಕ್ಕೆ 1714ರಲ್ಲಿ ಪಾರ್ಲಿಮೆಂಟು 20,000 ಪೌಂಡುಗಳ ಬಹುಮಾನವನ್ನು ಸಾರಿತು.

ಹ್ಯಾರಿಸನ್ನನು 1693ರಲ್ಲಿ ಯಾರ್ಕ್‌ಷೈರಿನ ಫೌಲ್ಬಿ ಗ್ರಾಮದಲ್ಲಿ ಜನಿಸಿದನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ತಂದೆಯ ಕಸುಬನ್ನೇ ಕಲಿತು, ಇಪ್ಪತ್ತರ ಪ್ರಾಯದಲ್ಲಿ ಮರದ ಚಕ್ರಗಳಿಂದಲೇ ಗಡಿಯಾರವನ್ನು ಕಟ್ಟಿದನು. ಸಮುದ್ರಕ್ಕೆಂದು ಮಾಡಿದ ಮೊದಲನೆಯ ಯಂತ್ರವು 1736ರಲ್ಲಿ ಲಿಸ್ಬನ್ನಿಗೆ ಹೋಗಿ ಬಂದಿತು. ಜನ ಮೆಚ್ಚಿದರೂ ಆತನಿಗೆ ತೃಪ್ತಿಯಾಗಲಿಲ್ಲ. ಮೂರನೆಯ ಯಂತ್ರವೊಂದಕ್ಕೇ ಸುಮಾರು 19 ವರ್ಷಗಳನ್ನು ಸವೆಸಿದನು. ಕಡೆಗೆ ದೊಡ್ಡ ಯಂತ್ರಗಳ ಹಾದಿಯನ್ನೇ ಬಿಟ್ಟು, 1759ರಲ್ಲಿ ಅಂಗೈಯಗಲದ ವಾಚೊಂದನ್ನು ಮುಗಿಸಿದನು.

1761ರಲ್ಲಿ ಮಗ ವಿಲಿಯಂ ಅದನ್ನು ಜಮೈಕಾಕ್ಕೆ ಒಯ್ದನು. 81 ದಿನಗಳಲ್ಲಿ ಅದು ತಪ್ಪಿದ್ದು ಕೇವಲ ಐದು ಸೆಕೆಂಡು! ಆದರೂ ರೇಖಾಂಶ ಮಂಡಲಿಯವರು ಅದನ್ನು ಆಕಸ್ಮಿಕವೆಂದು ಬಗೆದರು. ಮಂಡಲಿಯ ಪಂಡಿತರಿಗೆ ಚಂದ್ರ ನಕ್ಷತ್ರಗಳ ಗಣಿತದಲ್ಲಿಯೇ ಹೆಚ್ಚು ನಂಬಿಕೆ. 1764ರಲ್ಲಿ ಬಾರ್ಬಡೋಸಿಗೆ ಮತ್ತೊಂದು ಪರೀಕ್ಷೆ ನಡೆಯಿತು. ಅದರಲ್ಲಿಯೂ ವಾಚು ಗೆದ್ದಿತು. ಆದರೆ 1765ರಲ್ಲಿ, ಯಂತ್ರದ ಗುಟ್ಟನ್ನೆಲ್ಲ ಬಿಚ್ಚಿಟ್ಟ ಬಳಿಕ, ಕೈಗೆ ಬಂದದ್ದು ಅರ್ಧ ಹಣ ಮಾತ್ರ.

ಮುದುಕನು ಸುಮ್ಮನಾಗಲಿಲ್ಲ; ಮತ್ತೊಂದು ವಾಚನ್ನು ಮಾಡಿದನು. ಅದನ್ನು 1772ರಲ್ಲಿ ದೊರೆ ಮೂರನೆಯ ಜಾರ್ಜನೇ ಪರೀಕ್ಷಿಸಿ ಆತನ ಪಕ್ಷ ಹಿಡಿದನು. ಮರುವರ್ಷ ಪಾರ್ಲಿಮೆಂಟು 8,750 ಪೌಂಡುಗಳನ್ನು ಕೊಟ್ಟಿತು. ಆಗ ಆತನಿಗೆ ಎಂಬತ್ತು ವರ್ಷ. ಅದೇ ಹೊತ್ತಿನಲ್ಲಿ ಕ್ಯಾಪ್ಟನ್ ಕುಕ್, ಆತನ ವಾಚಿನ ಪ್ರತಿಯೊಂದನ್ನು ನೆಚ್ಚಿಕೊಂಡು ದಕ್ಷಿಣ ಸಮುದ್ರಗಳನ್ನು ಸುತ್ತುತ್ತಿದ್ದನು. 1776ರ ಮಾರ್ಚ್ 24ರಂದು ಹ್ಯಾರಿಸನ್ನನು ಲಂಡನ್ನಿನಲ್ಲಿ ತೀರಿಕೊಂಡನು. ಆತನ ಯಂತ್ರಗಳನ್ನು ಇಂದಿಗೂ ಗ್ರೀನ್‌ವಿಚ್ಚಿನಲ್ಲಿ ಕಾಣಬಹುದು.

ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮಗೆ ಈ ಬಡಗಿಯ ಜಾಣ್ಮೆಯು ಹೆಮ್ಮೆ ತರುವುದು ಸಹಜವೇ. ಅದಕ್ಕಿಂತ ಹೆಚ್ಚಾಗಿ, ದುಡಿದುದರ ಬಾಕಿಯನ್ನು ಕೇಳುವುದು ಭಿಕ್ಷೆಯಲ್ಲವೆಂಬುದನ್ನು, ಒಂದು ಕಾಲಕ್ಕೆ ಸಂಬಳ ಕೊಡುವ ಕಡೆಯಲ್ಲಿ ಕುಳಿತಿದ್ದ ನಾವು ಆತನ ಬಾಳಿನಿಂದ ಕಲಿತೆವು. ವಾಚಕ ಬಂಧುಗಳೂ ಇದನ್ನು ಮನಸ್ಸಿನಲ್ಲಿಡಬೇಕೆಂದು ನಮ್ಮ ಬಿನ್ನಹ.