ಪೊಲೀಸರಿಗೆ ಗಾಲಿ ಕೊಟ್ಟ ಆಗಸ್ಟ್ ವೋಲ್ಮರ್

ಮೋಟಾರ್ ಸೈಕಲ್ ಏರಿ ಬರುವ ಪೊಲೀಸರನ್ನು ಕಂಡು ಇಂದು ಯಾರೂ ಬೆರಗಾಗುವುದಿಲ್ಲ. ಅಮೆರಿಕದ ಮೇನ್ ರಾಜ್ಯದ ಬ್ಯಾಂಗೋರ್ ಪಟ್ಟಣದಲ್ಲಿ ಪೊಲೀಸರೇ ಸೇರಿ 1974ರಲ್ಲಿ ‘ಬ್ಲೂ ನೈಟ್ಸ್’ ಎಂಬ ಮೋಟಾರ್ ಸೈಕಲ್ ಕ್ಲಬ್ ಕಟ್ಟಿದರು. ಸೇವೆಯಲ್ಲಿರುವವರಿಗೂ ನಿವೃತ್ತರಿಗೂ ಬಾಗಿಲು ತೆರೆದ ಆ ಕೂಟದ ಶಾಖೆಗಳು ಮುಂದೆ ಹಲವು ದೇಶಗಳಿಗೆ ಹಬ್ಬಿದವು. ಕರ್ತವ್ಯಕ್ಕೆಂದು ಹತ್ತಿದ ವಾಹನ ಹೀಗೆ ಬಿಡುವಿನ ವೇಳೆಯ ಒಲವೂ ಆಯಿತು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೊಲೀಸ್ ಕೆಲಸವೆಂದರೆ ಬಹುಪಾಲು ಕಾಲ್ನಡಿಗೆಯೇ. ಅದನ್ನು ಬದಲಿಸಲು ಹಟ ಹಿಡಿದವರಲ್ಲಿ ಮೊದಲ ಸಾಲಿನ ಹೆಸರು ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಆಗಸ್ಟ್ ವೋಲ್ಮರ್ ಅವರದು.

ಜರ್ಮನಿಯಿಂದ ವಲಸೆ ಬಂದ ದಂಪತಿಯ ಮಗನಾಗಿ 1876ರ ಮಾರ್ಚ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಜನಿಸಿದ ವೋಲ್ಮರ್ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಶಾಲಾ ಶಿಕ್ಷಣ ಹೆಚ್ಚು ಮುಂದುವರಿಯಲಿಲ್ಲ. ಬರ್ಕ್ಲಿಯಲ್ಲಿ ಗೆಳೆಯನೊಡನೆ ಕಲ್ಲಿದ್ದಲು ಮತ್ತು ಮೇವಿನ ಅಂಗಡಿ ನಡೆಸಿದರು. 1898ರಲ್ಲಿ ಸೈನ್ಯ ಸೇರಿ ಫಿಲಿಪೈನ್ಸ್ ಯುದ್ಧಭೂಮಿಗೆ ಹೋದರು. ಮರಳಿ ಬಂದ ಮೇಲೆ ಅಂಚೆಯಣ್ಣನಾಗಿ ಮನೆಮನೆಗೆ ಕಾಗದ ಹಂಚಿದರು. ಊರಿನ ಪ್ರತಿ ಓಣಿಯೂ ಅವರಿಗೆ ಪರಿಚಿತವಾದದ್ದು ಆ ನೌಕರಿಯಿಂದಲೇ ಎನ್ನಬೇಕು.

1904ರಲ್ಲಿ ಶ್ಯಾಟಕ್ ಅವೆನ್ಯೂ ರೈಲು ಹಳಿಯ ಮೇಲೆ ಸರಕು ತುಂಬಿದ ಬಂಡಿಯೊಂದು ಹಿಡಿತ ತಪ್ಪಿ, ಪ್ರಯಾಣಿಕರಿದ್ದ ರೈಲಿನ ಕಡೆಗೆ ಉರುಳತೊಡಗಿತು. ವೋಲ್ಮರ್ ಓಡಿಹೋಗಿ ಅದರ ಮೇಲೆ ಹಾರಿ ಬ್ರೇಕ್ ಬಿಗಿದು ನಿಲ್ಲಿಸಿದರು. ಊರೆಲ್ಲ ಅವರನ್ನು ಗುರುತಿಸಿತು. ಮರುವರ್ಷದ ಚುನಾವಣೆಯಲ್ಲಿ, 29ರ ಹರೆಯದಲ್ಲಿ, ಅವರು ಪಟ್ಟಣದ ಮಾರ್ಷಲ್ ಆಗಿ ಆರಿಸಿಬಂದರು. ಆ ದಿನಗಳಲ್ಲಿ ಅಲ್ಲಿ ಪೊಲೀಸ್ ಮುಖ್ಯಸ್ಥನನ್ನು ಜನರೇ ಮತ ಹಾಕಿ ಆರಿಸುತ್ತಿದ್ದರು.

ಕೈಕೆಳಗಿದ್ದ ಸಿಬ್ಬಂದಿ ಬೆರಳೆಣಿಕೆಯಷ್ಟು. ಪಟ್ಟಣವೋ ಗುಡ್ಡದ ತಪ್ಪಲಿನ ಉದ್ದಗಲಕ್ಕೂ ಚಾಚಿಕೊಂಡಿತ್ತು. ದೂರು ಬಂದ ಸ್ಥಳಕ್ಕೆ ಪೇದೆ ನಡೆದು ತಲುಪುವ ಹೊತ್ತಿಗೆ ಕಳ್ಳ ಕಣ್ಮರೆಯಾಗಿರುತ್ತಿದ್ದ. ವೋಲ್ಮರ್ ಎಲ್ಲರಿಗೂ ಸೈಕಲ್ ಕೊಡಿಸಿದರು. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಉರಿದು ಹೋದಾಗ ಸಾವಿರಾರು ನಿರಾಶ್ರಿತರು ಕೊಲ್ಲಿ ದಾಟಿ ಬರ್ಕ್ಲಿಗೆ ಬಂದರು. ಕೆಲಸದ ಹೊರೆ ಇಮ್ಮಡಿಸಿತು.

ಸೈಕಲ್ ಮೇಲೆ ಗಸ್ತು ಹೊರಟವನಿಗೆ ಠಾಣೆಯಿಂದ ಸುದ್ದಿ ಮುಟ್ಟಿಸುವುದು ಹೇಗೆ? ಇದಕ್ಕೂ ಅವರು ಉಪಾಯ ಕಂಡುಕೊಂಡರು. ಪ್ರಮುಖ ಕೂಡುರಸ್ತೆಗಳ ಮೇಲೆ ಕೆಂಪು ವಿದ್ಯುದ್ದೀಪಗಳನ್ನು ತೂಗುಹಾಕಿಸಿದರು. ಠಾಣೆಯಲ್ಲಿ ಸ್ವಿಚ್ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತಿತ್ತು. ಅದನ್ನು ಕಂಡ ಪೇದೆ ಸಮೀಪದ ಪೆಟ್ಟಿಗೆಯಲ್ಲಿದ್ದ ದೂರವಾಣಿ ಎತ್ತಿ ಆದೇಶ ಕೇಳಬೇಕಿತ್ತು. ವೈರ್‌ಲೆಸ್ ಸದ್ದು ಕೇಳುತ್ತಲೇ ಬೆಳೆದ ನಮ್ಮ ಪೀಳಿಗೆಗೆ ಇದು ಮಕ್ಕಳಾಟದಂತೆ ಕಂಡೀತು. ಆ ಕಾಲಕ್ಕೆ ಅದೇ ದೊಡ್ಡ ಸಾಧನೆ.

1909ರಲ್ಲಿ ಮಾರ್ಷಲ್ ಹುದ್ದೆ ಹೋಗಿ ವೋಲ್ಮರ್ ನಗರದ ಮೊದಲ ಪೊಲೀಸ್ ಮುಖ್ಯಸ್ಥರಾದರು. 1911ರಲ್ಲಿ ಗಸ್ತಿಗೆ ಮೋಟಾರ್ ಸೈಕಲ್ ಬಂದಿತು. ಪೊಲೀಸರಿಗೆ ಮೊತ್ತಮೊದಲು ಮೋಟಾರ್ ಸೈಕಲ್ ಕೊಟ್ಟವರು ಇವರೇ ಎಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ಹಾರ್ಲೆ ಡೇವಿಡ್ಸನ್ ಕಂಪನಿ 1908ರಲ್ಲಿಯೇ ಡೆಟ್ರಾಯಿಟ್ ಪೊಲೀಸರಿಗೆ ವಾಹನ ಒದಗಿಸಿತ್ತು. ವೋಲ್ಮರ್ ಅವರ ಹೆಚ್ಚುಗಾರಿಕೆ ಬೇರೆ. ವಾಹನವನ್ನು ಬಿಡಿ ಸೌಕರ್ಯವೆಂದು ನೋಡದೆ, ಸಂದೇಶ, ಗಸ್ತು, ದಾಖಲೆ, ತರಬೇತಿಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡ ವ್ಯವಸ್ಥೆಯ ಒಂದು ಅಂಗವಾಗಿ ಅವರು ಕಂಡರು. ಕೆಲವೇ ವರ್ಷಗಳಲ್ಲಿ ಅವರ ಗಸ್ತು ಪಡೆ ಕಾರಿಗೆ ಬಡ್ತಿ ಪಡೆಯಿತು.

ಗಾಲಿ ಬಂದರೆ ಸಾಲದು, ಅದರ ಮೇಲೆ ಕೂತವನಿಗೆ ಓದು ಬೇಕೆಂಬುದು ಅವರ ಇನ್ನೊಂದು ಹಟ. ತಾವೇ ಹೆಚ್ಚು ಓದಲಾಗದ ಈ ಮನುಷ್ಯ 1908ರಲ್ಲಿ ಪೊಲೀಸ್ ಶಾಲೆ ತೆರೆದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕರೆದು ಸಮವಸ್ತ್ರ ತೊಡಿಸಿದರು. 1919ರಲ್ಲಿ ವಾಲ್ಟರ್ ಗಾರ್ಡನ್ ಎಂಬ ಕಪ್ಪು ಜನಾಂಗದ ಯುವಕನನ್ನು ಪಡೆಗೆ ಸೇರಿಸಿಕೊಂಡರು. ಅದೇ ಪಡೆಯ ಜಾನ್ ಲಾರ್ಸನ್ 1921ರಲ್ಲಿ ಸುಳ್ಳು ಪತ್ತೆ ಯಂತ್ರ ಸಿದ್ಧಪಡಿಸಿದರು. ಹೊಡೆದು ಬಡಿದು ತಪ್ಪೊಪ್ಪಿಗೆ ಪಡೆಯುವುದನ್ನು ವೋಲ್ಮರ್ ತಮ್ಮ ಠಾಣೆಯಲ್ಲಿ ನಿಷೇಧಿಸಿದ್ದರು. ನಮ್ಮಲ್ಲಿ ಲಾಕಪ್ ಸಾವಿನ ವರದಿ ಬರೆಯಬೇಕಾಗಿ ಬಂದಾಗಲೆಲ್ಲ ಈ ಲೇಖಕನಿಗೆ ನೆನಪಾಗುವುದು ಅವರ ಸೈಕಲ್ಲಲ್ಲ, ಈ ನಿಷೇಧ.

ಎಲ್ಲೆಡೆಯೂ ಗೆಲುವು ಸಿಗಲಿಲ್ಲ. 1923ರಲ್ಲಿ ಒಂದು ವರ್ಷದ ಮಟ್ಟಿಗೆ ಲಾಸ್ ಏಂಜಲಿಸ್ ಪೊಲೀಸ್ ಇಲಾಖೆಯ ಹೊಣೆ ಹೊತ್ತರು. ಭ್ರಷ್ಟಾಚಾರದ ಹುತ್ತವಾಗಿದ್ದ ಆ ನಗರದಲ್ಲಿ ಅವರ ಸುಧಾರಣೆಗಳು ಬೇರೂರಲಿಲ್ಲ. ಅವಧಿ ಮುಗಿಯುತ್ತಲೇ ಬರ್ಕ್ಲಿಗೆ ಮರಳಿದರು. 1931ರಲ್ಲಿ ಹೊರಬಂದ ವಿಕರ್‌ಶಾಮ್ ಆಯೋಗದ ಪೊಲೀಸ್ ವರದಿಯಲ್ಲಿ ಅವರದೇ ಮುಖ್ಯ ಪಾತ್ರ. ಮರುವರ್ಷ ಠಾಣೆಯಿಂದ ನಿವೃತ್ತರಾಗಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕೆಲಕಾಲ ಬೋಧಿಸಿದರು.

ಇತ್ತೀಚಿನ ವಿದ್ವಾಂಸರು ಅವರನ್ನು ಅಷ್ಟು ಸುಲಭವಾಗಿ ಬಿಟ್ಟಿಲ್ಲ. ಫಿಲಿಪೈನ್ಸ್‌ನಲ್ಲಿ ಪರಾಧೀನ ಜನರ ಮೇಲೆ ಪ್ರಯೋಗಿಸಿದ ಸೈನಿಕ ಕ್ರಮಗಳನ್ನೇ ಅವರು ತವರಿನ ಬೀದಿಗಳಿಗೆ ತಂದರೆಂಬುದು ಒಂದು ಆಕ್ಷೇಪ. ಅಪರಾಧವನ್ನು ಜನಾಂಗ ಹಾಗೂ ರಕ್ತಗುಣದೊಂದಿಗೆ ತಳಕು ಹಾಕುವ, ಆ ಕಾಲದಲ್ಲಿ ಚಾಲ್ತಿಯಲ್ಲಿದ್ದ ವಿಚಾರಗಳಿಗೆ ಅವರ ಪಾಠಗಳಲ್ಲಿಯೂ ಸ್ಥಾನವಿತ್ತು ಎಂಬುದು ಮತ್ತೊಂದು. ಗಾರ್ಡನ್ ಅವರನ್ನು ನೇಮಿಸಿದ ಕೈಯೇ ಇದಕ್ಕೂ ಎಡೆ ಕೊಟ್ಟಿತು ಎಂಬುದನ್ನು ಮುಚ್ಚಿಡಲಾಗದು. ಕಾರಿನೊಳಗೆ ಕುಳಿತ ಪೊಲೀಸ್ ಬೀದಿಯ ಜನರಿಂದ ದೂರವಾದನೆಂಬ ದೂರೂ ಮುಂದಿನ ದಶಕಗಳಲ್ಲಿ ಕೇಳಿಬಂದಿತು. ಓಣಿ ಓಣಿ ನಡೆದು ಊರನ್ನು ಅರಿತ ಅಂಚೆಯಣ್ಣನ ಪಾಲಿಗೆ ಇದು ವಿಚಿತ್ರವೇ ಸರಿ.

ಮುಪ್ಪಿನಲ್ಲಿ ಪಾರ್ಕಿನ್ಸನ್ ಕಾಯಿಲೆ ಅಂಟಿತು; ಕ್ಯಾನ್ಸರ್ ಕೂಡ ಸೇರಿಕೊಂಡಿತು. ಪರಾವಲಂಬಿಯಾಗಿ ಬಾಳಲು ಮನಸ್ಸು ಒಪ್ಪದೆ 1955ರ ನವೆಂಬರ್ 4ರಂದು ಬರ್ಕ್ಲಿಯ ಮನೆಯಲ್ಲಿ ಅವರು ತಮ್ಮ ಜೀವನವನ್ನು ತಾವೇ ಕೊನೆಗಾಣಿಸಿಕೊಂಡರು. ಆಗ ಅವರಿಗೆ 79 ವರ್ಷ. ಅವರ ಪಡೆಯಲ್ಲಿ ಪೇದೆಯಾಗಿದ್ದುಕೊಂಡೇ ಕಾನೂನು ಓದಿದ ವಾಲ್ಟರ್ ಗಾರ್ಡನ್ ಅದೇ ವರ್ಷ ಅಮೆರಿಕದ ವರ್ಜಿನ್ ದ್ವೀಪಗಳ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡಿದ್ದರು.